ಬಿಸಿಲ ನಾಡಿನ ರೇಷ್ಮೆಗೂಡು

ಸಿಂಧನೂರಿನಿಂದ ಮಸ್ಕಿ ಮಾರ್ಗವಾಗಿ ಲಿಂಗಸುಗೂರಿಗೆ ಹೋಗುವವರಿಗೆ ಬಸ್ಸಿನ ಕಿಟಕಿಯಿಂದಲೇ ಎರಡು ನಾಡುಗಳು ಕಾಣಸಿಗುತ್ತವೆ. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯಿಸಿದಷ್ಟು ದೂರ ಭತ್ತದ ಗದ್ದೆ. ಮುಂದೆ ಸಾಗಿದಂತೆ ಬಂಡೆಗುಡ್ಡಗಳು, ಮಳೆಯನ್ನೇ ನಂಬಿದ ಹೊಲಗಳು. ಮಸ್ಕಿಗೆ 1915ರಲ್ಲಿ ಪತ್ತೆಯಾದ ಅಶೋಕನ ಶಾಸನದ ಕೀರ್ತಿಯಿದೆ. ಲಿಂಗಸುಗೂರು ತಾಲೂಕಿಗೆ ಹಟ್ಟಿಯ ಚಿನ್ನ, ಮುದಗಲ್ಲಿನ ಕೋಟೆ ಇವೆ. ಆದರೂ ರೈತರ ಚಿಂತೆ ನೀರಿನದೇ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಮಸ್ಕಿ ಭಾಗದ ರೈತರು 2020ರಲ್ಲಿ ಧರಣಿ ಕುಳಿತದ್ದು ಇದೇ ಕಾರಣಕ್ಕೆ.

ಕಾಲುವೆ ತಲುಪದ ಇಂತಹ ಜಮೀನುಗಳಲ್ಲಿ ಕೊಳವೆಬಾವಿಯ ಅಲ್ಪ ನೀರಿನಿಂದ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ದಾರಿಯೊಂದಿದೆ. ಟಿಪ್ಪು ಸುಲ್ತಾನರು 18ನೆಯ ಶತಮಾನದ ಕೊನೆಯಲ್ಲಿ ಬಂಗಾಳದಿಂದ ಹುಳುಗಳನ್ನು ತರಿಸಿ ಮೈಸೂರು ಸೀಮೆಯಲ್ಲಿ ಬೆಳೆಸಿದ ಕಸುಬು ಇದು.

ಲಾಭವೇನು?

ಒಮ್ಮೆ ನೆಟ್ಟ ಹಿಪ್ಪುನೇರಳೆ ಹತ್ತು-ಹದಿನೈದು ವರ್ಷ ಸೊಪ್ಪು ಕೊಡುತ್ತದೆ. ಹನಿ ನೀರಾವರಿ ಇದ್ದರೆ ಭತ್ತಕ್ಕೆ ಬೇಕಾಗುವ ನೀರಿನ ಸಣ್ಣ ಪಾಲು ಸಾಕು. ಮೊದಲ ಎರಡು ಜ್ವರ ಕಳೆದ ಚಾಕಿ ಹುಳುಗಳನ್ನು ತಂದರೆ ಸುಮಾರು ಮೂರು ವಾರದಲ್ಲಿ ಗೂಡು ಕಟ್ಟುತ್ತವೆ. ವರ್ಷಕ್ಕೆ ಐದಾರು ಬೆಳೆ ತೆಗೆಯಬಹುದು. ಭತ್ತದ ರೈತ ಆರು ತಿಂಗಳು ಕಾಯುತ್ತಿದ್ದರೆ ಇಲ್ಲಿ ಎರಡು ತಿಂಗಳಿಗೊಮ್ಮೆ ಕೈಗೆ ಕಾಸು. ಮಿಕ್ಕ ಸೊಪ್ಪು-ಕಡ್ಡಿ ಆಡಿಗೆ, ಹುಳುವಿನ ಹಿಕ್ಕೆ ಹೊಲಕ್ಕೆ. ಮನೆ ಬಿಟ್ಟು ದೂರ ಹೋಗಲಾಗದ ಮಹಿಳೆಯರಿಗೆ ಅಂಗಳದಲ್ಲೇ ದುಡಿಮೆ.

ಕಷ್ಟವೇನು?

ಹುಳುವಿಗೆ 24ರಿಂದ 28 ಡಿಗ್ರಿ ತಂಪು ಬೇಕು. ರಾಯಚೂರು ಜಿಲ್ಲೆಯ ಬೇಸಿಗೆ 40 ದಾಟುತ್ತದೆ. ಹುಳುಮನೆಗೆ ಗೋಣಿಪರದೆ ಕಟ್ಟಿ ನೀರು ಚಿಮುಕಿಸುತ್ತಿರಬೇಕು. ಹಾಲುತೊಂಡೆ, ಸುಣ್ಣಕಟ್ಟು, ಸಪ್ಪೆರೋಗ, ಊಜಿ ನೊಣ ಇವುಗಳಲ್ಲಿ ಯಾವುದು ಬಂದರೂ ಕೆಲವೇ ದಿನಗಳಲ್ಲಿ ಬೆಳೆ ಕೈಬಿಡಬಹುದು. ಭತ್ತ, ಹತ್ತಿಯ ಹೊಲಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಸೊಪ್ಪಿನ ಮೇಲೆ ಬಿದ್ದರೂ ಹುಳು ಸಾಯುತ್ತವೆ. ಆದ್ದರಿಂದ ಸಿಂಧನೂರಿನ ಗದ್ದೆಗಳ ನಡುವೆ ಈ ಕಸುಬಿಗೆ ಅಪಾಯ ಹೆಚ್ಚು. ಹುಳುಮನೆಯ ಬಳಿ ಸೊಳ್ಳೆಬತ್ತಿಯನ್ನೂ ಹಚ್ಚಬಾರದು.

ಬೆಲೆಯೂ ಸ್ಥಿರವಲ್ಲ. 2011ರಲ್ಲಿ ಕೇಂದ್ರ ಸರಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 5ಕ್ಕೆ ಇಳಿಸಿದಾಗಲೂ, 2020ರ ಲಾಕ್‌ಡೌನ್‌ನಲ್ಲೂ ಗೂಡಿನ ದರ ಕುಸಿಯಿತು. ದೊಡ್ಡ ಮಾರುಕಟ್ಟೆಯಿರುವ ರಾಮನಗರ ಇಲ್ಲಿಂದ ಒಂದು ರಾತ್ರಿಯ ಪ್ರಯಾಣ. ಪತಂಗ ಗೂಡು ಸೀಳಿ ಹೊರಬರುವ ಮುನ್ನ ಮಾರಲೇಬೇಕಾದ್ದರಿಂದ ಒಳ್ಳೆಯ ದರ ಬರಲೆಂದು ಕಾಯುವಂತಿಲ್ಲ.

ದುಡಿದವಳ ಪಾಲು

ಹುಳು ತಾನು ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಕೊನೆಯ ಒಂದು ವಾರದಲ್ಲಿ ತಿನ್ನುತ್ತದೆ. ಆ ವಾರ ಮನೆಯ ಹೆಣ್ಣುಮಕ್ಕಳಿಗೆ ನಿದ್ರೆಯಿಲ್ಲ. ಸೊಪ್ಪು ಹಾಕುವುದು, ಕಸ ತೆಗೆಯುವುದು, ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡುವುದು, ಗೂಡು ಬಿಡಿಸುವುದು ಬಹುಪಾಲು ಅವರದೇ ಕೆಲಸ. ಹುಳುಮನೆ ತೊಳೆಯುವ ಬ್ಲೀಚಿಂಗ್ ಪುಡಿಯ ಘಾಟು ಕಣ್ಣಿಗೆ, ಎದೆಗೆ ತಟ್ಟುವುದೂ ಅವರಿಗೇ. ಆದರೆ ಗೂಡು ಹೊತ್ತು ಮಾರುಕಟ್ಟೆಗೆ ಹೋಗುವವರು ಗಂಡಸರು. ಹಣ ಜಮೆಯಾಗುವುದೂ ಹೆಚ್ಚಾಗಿ ಅವರ ಖಾತೆಗೆ.

ಪ್ರವಾದಿವರ್ಯರು(ಸ) ರೇಷ್ಮೆಯನ್ನು ಪುರುಷರಿಗೆ ನಿಷೇಧಿಸಿ ಸ್ತ್ರೀಯರಿಗೆ ಅನುಮತಿಸಿದರು. ಸ್ತ್ರೀಯರು ಗಳಿಸಿದ್ದರಲ್ಲಿ ಅವರಿಗೆ ಪಾಲಿದೆಯೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯ ಸಾರುತ್ತದೆ. ರೇಷ್ಮೆ ಉಡುವ ಅನುಮತಿಯನ್ನು ನೆನಪಿಟ್ಟವರು ಗಳಿಕೆಯ ಹಕ್ಕನ್ನು ಮರೆಯಬಾರದಲ್ಲವೇ?

ಈ ಕಸುಬಿಗಿಳಿಯುವ ಕುಟುಂಬಗಳು ಬಡ್ಡಿಯ ಸಾಲ ಮಾಡಿ ದೊಡ್ಡ ಹುಳುಮನೆ ಕಟ್ಟದೆ ಅರ್ಧ ಎಕರೆಯಿಂದ ಆರಂಭಿಸಲಿ. ರೇಷ್ಮೆ ಇಲಾಖೆಯ ತರಬೇತಿಗೆ ಪತಿಯೊಂದಿಗೆ ಪತ್ನಿಯೂ ಹೋಗಲಿ. ಮೊದಲ ಬೆಳೆಯ ಹಣ ಬಂದಾಗ ಲೆಕ್ಕದ ಪುಸ್ತಕವನ್ನು ಇಬ್ಬರೂ ಕುಳಿತು ಬರೆಯಲಿ.