ಹದಿನೆಂಟು ದ್ವೀಪ, ಹತ್ತು ತಂಡ

ನನ್ನ ಮೊಮ್ಮಗನಿಗೆ ಲಿವರ್‌ಪೂಲ್ ತಂಡವೇ ಆಗಬೇಕು. ಎದುರುಮನೆಯ ಇಂಜಿನಿಯರ್ ಮಹಾಶಯರಿಗೆ ಬಾರ್ಸಿಲೋನಾ ಸೋತ ದಿನ ಅನ್ನ ಸೇರುವುದಿಲ್ಲ. ದೊಡ್ಡವರ ಸಂಗ ಅವರಿಗಿರಲಿ. ನಾನು ಮಾತ್ರ ಪ್ರತಿವರ್ಷ ಮಾರ್ಚಿ ತಿಂಗಳಿಂದ ಅಕ್ಟೋಬರಿನವರೆಗೆ ಫೆರೋ ದ್ವೀಪಗಳ ಕಾಲ್ಚೆಂಡಿನ ಲೀಗಿನ ಬೆನ್ನು ಹತ್ತಿರುತ್ತೇನೆ. ಇದನ್ನು ಕೇಳಿದವರು ಮೊದಲು ‘ಅದು ಎಲ್ಲಿದೆ?’ ಎನ್ನುತ್ತಾರೆ, ಎಲ್ಲಿದೆ ಎಂದು ಹೇಳಿದ ಮೇಲೆ ‘ನಿಮಗೇಕೆ ಅದು?’ ಎನ್ನುತ್ತಾರೆ.

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಸ್ಕಾಟ್ಲೆಂಡಿಗೂ ಐಸ್ಲೆಂಡಿಗೂ ನಡುವೆ, ಉತ್ತರ ಅಟ್ಲಾಂಟಿಕ್ ಸಮುದ್ರದಲ್ಲಿ, ಮರವೇ ಅಪರೂಪವಾದ ಹದಿನೆಂಟು ಕಲ್ಲುಗುಡ್ಡಗಳು. ಡೆನ್ಮಾರ್ಕಿನ ರಾಜ್ಯಕ್ಕೆ ಸೇರಿದ್ದರೂ 1948ರಿಂದ ಅಲ್ಲಿ ಸ್ವಂತ ಆಡಳಿತವುಂಟು. ಜನಸಂಖ್ಯೆ ಸುಮಾರು 54,000. ಕುರಿಗಳು ಅದಕ್ಕಿಂತ ಹೆಚ್ಚು. ಹಿಡಿದ ಮೀನನ್ನೂ ಸಾಕಿದ ಮೀನನ್ನೂ ಮಾರಿ ಬದುಕುವ ಜನ. ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು ಮಂದಿ ಸೇರಿ, ಹತ್ತು ತಂಡಗಳ ಒಂದು ಮೇಲ್ದರ್ಜೆಯ ಲೀಗನ್ನೂ ಅದರ ಕೆಳಗೆ ಇನ್ನೂ ಕೆಲವು ದರ್ಜೆಗಳನ್ನೂ ನಡೆಸುತ್ತಾರೆ ಎಂದರೆ ಎಣಿಸಿ ನೋಡಿ, ಆಡದೆ ಉಳಿದವರೆಷ್ಟು ಮಂದಿ!

ಎರಡನೆಯ ಪ್ರಶ್ನೆಗೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1990ನೆಯ ಇಸವಿ ಸೆಪ್ಟೆಂಬರಿನಲ್ಲಿ ಪತ್ರಿಕೆಯ ಮೂಲೆಯಲ್ಲಿ ಒಂದು ಪುಟ್ಟ ಸುದ್ದಿ ಕಂಡಿತು. ಆ ಬೇಸಿಗೆಯಲ್ಲಷ್ಟೇ ಇಟಲಿಯಲ್ಲಿ ವಿಶ್ವಕಪ್ಪಿನ ಪಂದ್ಯಗಳನ್ನಾಡಿ ಬಂದಿದ್ದ ಆಸ್ಟ್ರಿಯಾವನ್ನು, ಮೊಟ್ಟಮೊದಲ ಸಲ ಸ್ಪರ್ಧೆಗೆ ಇಳಿದಿದ್ದ ಫೆರೋ ತಂಡ 1–0ಯಿಂದ ಸೋಲಿಸಿತ್ತು. ಪಂದ್ಯ ನಡೆದದ್ದು ಸ್ವೀಡನ್ನಿನ ಲಾಂಡ್ಸ್‌ಕ್ರೋನಾ ಎಂಬ ಊರಿನಲ್ಲಿ. ಏಕೆಂದರೆ ಫೆರೋದವರ ಬಳಿ ಅಂತರರಾಷ್ಟ್ರೀಯ ಪಂದ್ಯಕ್ಕೆ ಒಪ್ಪುವ ಹುಲ್ಲಿನ ಮೈದಾನವೇ ಇರಲಿಲ್ಲ. ಗೋಲು ಹೊಡೆದ ಟೋರ್ಕಿಲ್ ನೀಲ್ಸೆನ್ ಮರಮುಟ್ಟಿನ ವ್ಯಾಪಾರದ ಕೆಲಸದವನು, ಚದುರಂಗದಲ್ಲೂ ಪಳಗಿದ ಕೈ. ಗೋಲು ಕಾಯ್ದ ಯೆನ್ಸ್ ಮಾರ್ಟಿನ್ ಕ್ನುಡ್ಸೆನ್ ಮೀನಿನ ಕಾರ್ಖಾನೆಯಲ್ಲಿ ಸಾಮಾನೆತ್ತುವ ಗಾಡಿ ಓಡಿಸುವವನು. ಹಿಂದೆ ತಲೆಗೆ ಪೆಟ್ಟಾಗಿದ್ದರಿಂದ ಗೊಂಡೆಯಿದ್ದ ಬಿಳಿಯ ಉಣ್ಣೆ ಟೋಪಿ ಹಾಕಿಕೊಂಡೇ ಆಡುತ್ತಿದ್ದ. ಆಸ್ಟ್ರಿಯಾದ ತರಬೇತುದಾರ ರಾಜೀನಾಮೆ ಕೊಟ್ಟ. ನಾನಾಗ ಬ್ಯಾಂಕಿನಲ್ಲಿ ಗುಮಾಸ್ತ. ದಿನವಿಡೀ ಲೆಕ್ಕ ಕೂಡಿಸಿ ಸಂಜೆ ಮನೆಗೆ ಬರುವ ನನ್ನಂಥವನಿಗೆ, ಬೆಳಗ್ಗೆ ಮೀನಿನ ಪೆಟ್ಟಿಗೆ ಎತ್ತಿಟ್ಟು ಸಂಜೆ ಆಸ್ಟ್ರಿಯಾವನ್ನು ತಡೆಯುವ ಮನುಷ್ಯ ಹತ್ತಿರದ ನೆಂಟನಂತೆ ತೋರಿದನೆಂದರೆ ಆಶ್ಚರ್ಯವೇನು? ನಿವೃತ್ತನಾಗಿ, ಕೈಗೆ ಅಂತರ್ಜಾಲವೂ ಸಿಕ್ಕಮೇಲೆ ಆ ನೆಂಟಸ್ತನ ಬಲಿಯಿತು.

ಅಲ್ಲಿ ಒಂದೊಂದು ತಂಡವೂ ಉಳಿದ ಒಂಬತ್ತರೊಡನೆ ಮೂರು ಮೂರು ಸಲ ಆಡುತ್ತದೆ. ಒಟ್ಟು 27 ಪಂದ್ಯ. ಮೈದಾನಗಳಿಗೆ ಈಗ ಕೃತಕ ಹುಲ್ಲಿನ ಹಾಸು. ಹಿಂದೆ ಏಯ್ದಿ ಎಂಬ ಹಳ್ಳಿಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸರೋವರ, ನಡುವೆ ಕಾಲ್ಚೆಂಡಿನ ಮೈದಾನ ಇತ್ತು. ಈಗ ಅಲ್ಲಿ ಪ್ರವಾಸಿಗಳು ಡೇರೆ ಹಾಕುತ್ತಾರೆ. ಚೆಂಡು ಯಾವ ನೀರಿಗೆ ಬೀಳಬೇಕೆಂಬ ಆಯ್ಕೆಯಾದರೂ ಆಗ ಆಟಗಾರರಿಗಿತ್ತು. ಗಾಳಿ ಎದ್ದರೆ ಪಂದ್ಯ ಮುಂದಕ್ಕೆ ಹೋಗುತ್ತದೆ. ದಕ್ಷಿಣದ ಸುದುರೋಯ್ ದ್ವೀಪಕ್ಕೆ ಸೇತುವೆಯೂ ಇಲ್ಲ, ಸುರಂಗವೂ ಇಲ್ಲ. ರಾಜಧಾನಿ ಟೋರ್ಸ್‌ಹಾವ್ನ್‌ನಿಂದ ಹಡಗಿನಲ್ಲಿ ಎರಡು ಗಂಟೆಯ ದಾರಿ. ದೇಶದ ಅತ್ಯಂತ ಹಳೆಯ ತಂಡ, 1892ರಲ್ಲಿ ಹುಟ್ಟಿದ್ದು, ಇರುವುದು ಆ ದ್ವೀಪದ ಟ್ವೊರೊಯ್ರಿಯಲ್ಲೇ. ಅದರ ಮೇಲೆ ಆಡಲು ಹೋಗುವವರು ಮೊದಲು ಅಲೆಯೊಡನೆ ಒಂದು ಪಂದ್ಯ ಆಡಿ ಹೊಟ್ಟೆ ತೊಳಸಿಕೊಂಡು, ಆಮೇಲೆ ಮೈದಾನಕ್ಕೆ ಇಳಿಯಬೇಕು.

ಉಳಿದ ದ್ವೀಪಗಳವರು ಸಮುದ್ರದ ಕೆಳಗೇ ದಾರಿ ಕೊರೆದುಕೊಂಡಿದ್ದಾರೆ. 2006ರಲ್ಲಿ ಕ್ಲಾಕ್ಸ್‌ವೀಕ್ ಪಟ್ಟಣಕ್ಕೆ ಸುರಂಗ ಬಂತು; ಅಲ್ಲಿಯವರೆಗೆ ಅಲ್ಲಿಗೂ ದೋಣಿಯೇ ಗತಿ. 2020ರ ಡಿಸೆಂಬರಿನಲ್ಲಿ ತೆರೆದ ಇನ್ನೊಂದು ಸುರಂಗ 11 ಕಿಲೋಮೀಟರಿಗೂ ಉದ್ದ. ಅದರ ನಡುವೆ, ಸಮುದ್ರದ ತಳದ ಕೆಳಗೆ, ಒಂದು ಸರ್ಕಲ್ಲನ್ನೂ ಇಟ್ಟಿದ್ದಾರೆ. ನಮ್ಮೂರಿನಲ್ಲಿ ನೆಲದ ಮೇಲಿನ ಸರ್ಕಲ್ಲನ್ನೇ ದಾಟಲಾರದ ನನಗೆ ಇದು ಪುರಾಣದ ಪಾತಾಳಲೋಕದಂತೆ ಕೇಳಿಸುತ್ತದೆ.

ಈ ಲೀಗು ಆರಂಭವಾದ ಹೊತ್ತೂ ವಿಚಿತ್ರವಾದದ್ದು. 1942, ಡೆನ್ಮಾರ್ಕು ಜರ್ಮನಿಯ ವಶದಲ್ಲಿ, ಫೆರೋ ಬ್ರಿಟಿಷ್ ಸೈನ್ಯದ ವಶದಲ್ಲಿ. ಮೊದಲ ವರ್ಷ ಗೆದ್ದದ್ದು ಕ್ಲಾಕ್ಸ್‌ವೀಕ್. 1944ರಲ್ಲಿ ಪಂದ್ಯಾವಳಿಯೇ ನಡೆಯಲಿಲ್ಲ. ಬಾಂಬಿಗೆ ಹೆದರಿ ಅಲ್ಲ; ಯುದ್ಧಕಾಲದ ಅಭಾವದಲ್ಲಿ ದ್ವೀಪಕ್ಕೆ ಚೆಂಡು ಬರದೆ!

ಭಾನುವಾರ ಅಲ್ಲಿ ಮಧ್ಯಾಹ್ನ ಮೂರು ಗಂಟೆಯೆಂದರೆ, ಬೇಸಿಗೆಯಲ್ಲಿ, ನಮ್ಮಲ್ಲಿ ರಾತ್ರಿ ಏಳೂವರೆ. ಊಟಕ್ಕೆ ಮುಂಚೆ ನಾನು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಅವರ ರೇಡಿಯೋ ಕೇಳುತ್ತೇನೆ. ಭಾಷೆ ಒಂದಕ್ಷರ ತಿಳಿಯದು. ಆದರೆ ಆಟದ ವರ್ಣನೆಗೆ ಅರ್ಥ ಅಷ್ಟಾಗಿ ಬೇಕಿಲ್ಲ. ದನಿ ಏರಿದರೆ ಚೆಂಡು ಗೋಲಿನ ಹತ್ತಿರ, ಇಳಿದರೆ ಮೈದಾನದ ಮಧ್ಯದಲ್ಲಿ, ಸುಮ್ಮನಾದರೆ ಗಾಳಿ. ಹೆಚ್ಚು ಸಲ ಕಿವಿಗೆ ಬಿದ್ದ ಒಂದು ಮಾತು ‘ಮೋಆಲ್’. ಅದು ಬಂದಾಗಲೆಲ್ಲ ಹಿಂದೆ ಜನರ ಕೂಗು. ಆದ್ದರಿಂದ ಗೋಲು ಎಂದೇ ಅರ್ಥವಿರಬೇಕೆಂದು ಊಹಿಸಿ ಕೋಶ ನೋಡಿದೆ. ಹೌದು, ಗೋಲು. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಅರ್ಥವೂ ಇತ್ತು: ಭಾಷೆ. ಅವರಲ್ಲಿ ಎರಡಕ್ಕೂ ಒಂದೇ ಶಬ್ದ! ಆ ರಾತ್ರಿ ನಾನು ಊಟಕ್ಕೆ ಏಳಲು ಎರಡು ಸಲ ಕರೆಸಿಕೊಂಡೆ.

ಇದು ಬರಿಯ ಶಬ್ದ ಚಮತ್ಕಾರವಲ್ಲ. 1938ರವರೆಗೆ ಆ ಮಕ್ಕಳಿಗೆ ಶಾಲೆಯಲ್ಲಿ ಪಾಠ ಡೇನಿಷ್ ಭಾಷೆಯಲ್ಲಿ. ಮನೆಯ ಮಾತು ಮನೆಯಲ್ಲಿ. ಅವರ ರೇಡಿಯೋ ಹುಟ್ಟಿದ್ದು 1957ರಲ್ಲಿ. ಅಷ್ಟು ಸಣ್ಣ ಜನಾಂಗ ತನ್ನ ಹುಡುಗರ ಆಟವನ್ನು ತನ್ನ ಮಾತಿನಲ್ಲೇ ಕೂಗಿ ಹೇಳಿಕೊಳ್ಳುವುದನ್ನು ಕೇಳುವಾಗ, ಅದಕ್ಕಿಂತ ನೂರಾರು ಪಾಲು ಹೆಚ್ಚು ಜನ ಆಡುವ ಭಾಷೆಯವನಾದ ನನಗೆ ಸ್ವಲ್ಪ ಅಸೂಯೆಯೂ ಆಗುತ್ತದೆ. ನಮ್ಮ ಬೀದಿಯ ಹುಡುಗರು ಕ್ರಿಕೆಟ್ ಆಡುವಾಗ ಜಗಳವನ್ನು ಮಾತ್ರ ಕನ್ನಡದಲ್ಲಿ ಆಡುತ್ತಾರೆ.

ಇನ್ನು 2023ರ ಋತುವಿಗೆ ಬರುತ್ತೇನೆ. ಹೇಳಬೇಕೆಂದು ಹೊರಟದ್ದು ಅದನ್ನೇ. ಕ್ಲಾಕ್ಸ್‌ವೀಕ್ ಐದು ಸಾವಿರ ಚಿಲ್ಲರೆ ಜನದ ಮೀನುಗಾರರ ಪಟ್ಟಣ. 2021, 2022 ಎರಡು ವರ್ಷವೂ ಲೀಗು ಗೆದ್ದು, ಚಾಂಪಿಯನ್ಸ್ ಲೀಗಿನ ಅರ್ಹತಾ ಸುತ್ತಿಗೆ ಹೋಗಿತ್ತು. ಎದುರಾಳಿ ಬುಡಾಪೆಸ್ಟಿನ ಫೆರೆಂತ್ಸ್‌ವಾರೋಶ್. 1965ರಲ್ಲಿ ಯೂರೋಪಿನ ಫೇರ್ಸ್ ಕಪ್ ಗೆದ್ದ ಮನೆತನ. ಅವರ ಕ್ರೀಡಾಂಗಣದಲ್ಲಿ ಇಡೀ ಕ್ಲಾಕ್ಸ್‌ವೀಕನ್ನು ಕೂರಿಸಿದರೂ ಮುಕ್ಕಾಲು ಪಾಲು ಕುರ್ಚಿ ಖಾಲಿ. ಹೊರಗೆ ದುಡಿದು ಬಂದು ಆಡುವ ಹುಡುಗರೂ ಇದ್ದ ತಂಡ ತವರಿನಲ್ಲಿ 0–0 ಮಾಡಿಕೊಂಡಿತು; ಅದೇ ದೊಡ್ಡದೆಂದು ಎಲ್ಲರೂ ಅಂದುಕೊಂಡರು. ಜುಲೈ 19ರಂದು ಬುಡಾಪೆಸ್ಟಿನಲ್ಲಿ 3–0! ಎರಡು ಗೋಲು ಆರ್ನಿ ಫ್ರೆಡೆರಿಕ್ಸ್‌ಬರ್ಗ್, ಒಂದು ಲೂಕ್ ಕಾಸಿ. ಮೂರನೆಯದು ಬಿದ್ದಾಗ ನಾನು ಮಾಡಿದ ಸದ್ದಿಗೆ ಮನೆಯವರೆಲ್ಲ ಎದ್ದು ಬಂದರು. ಕಳ್ಳ ಬಂದನೆಂದು ಸೊಸೆ ದೀಪ ಹಾಕಿದಳು. ಆ ಹಂಗೇರಿ ತಂಡದ ತರಬೇತುದಾರ 2018ರಲ್ಲಿ ರಷ್ಯವನ್ನು ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ಲಿಗೆ ಒಯ್ದವನು; ಅವನ ಕೆಲಸ ಹೋಯಿತು. ಫೆರೋದವರಿಗೆ ಸೋಲುವುದೆಂದರೆ ಉದ್ಯೋಗಕ್ಕೆ ಕೇಡು ಎಂಬುದು 1990ರಿಂದ ಬಂದ ಸಂಪ್ರದಾಯ.

ಆಮೇಲೆ ಸ್ವೀಡನ್ನಿನ ಹೆಕೆನ್ ತಂಡವನ್ನು ಪೆನಾಲ್ಟಿಗಳಲ್ಲಿ ಕಳೆದರು. ನಾರ್ವೆಯ ಮೋಲ್ಡೆಯನ್ನು ತವರಿನಲ್ಲಿ 2–1ರಿಂದ ಗೆದ್ದು, ಅಲ್ಲಿ ಹೆಚ್ಚುವರಿ ಸಮಯದಲ್ಲಿ ಕೈಬಿಟ್ಟರು. ಮುಂದಿನ ಮೆಟ್ಟಿಲಲ್ಲೂ ಜಾರಿ, ಕಡೆಗೆ ಕಾನ್ಫರೆನ್ಸ್ ಲೀಗಿನ ಗುಂಪಿಗೆ ಬಂದು ನಿಂತರು. ಯೂರೋಪಿನ ಗುಂಪು ಹಂತಕ್ಕೆ ಫೆರೋದ ಒಂದು ತಂಡ ಬಂದದ್ದು ಅದೇ ಮೊದಲು. ಅಲ್ಲಿ ಫ್ರಾನ್ಸಿನ ಲೀಲ್ ತಂಡಕ್ಕೆ ಒಂದು ಗೋಲೂ ಕೊಡದೆ ತವರಿನಲ್ಲಿ ಸಮ ಮಾಡಿಕೊಂಡರು. ಸ್ಲೊವೇನಿಯದ ಒಲಿಂಪಿಯಾವನ್ನು 3–0ಯಿಂದ ಹೊಡೆದರು. ಇದರ ನಡುವೆ ಊರಿನ ಲೀಗನ್ನೂ ಮೂರನೆಯ ಬಾರಿ ಗೆದ್ದುಕೊಂಡರು. ವಾರದ ಮಧ್ಯೆ ಯೂರೋಪು, ವಾರಾಂತ್ಯದಲ್ಲಿ ಪಕ್ಕದ ಹಳ್ಳಿ. ಹಬ್ಬದೂಟ ಉಂಡ ಮಾರನೆಯ ದಿನದ ತಂಗಳನ್ನು ಅಷ್ಟೇ ಶ್ರದ್ಧೆಯಿಂದ ಉಣ್ಣುವುದು ಸುಲಭವಲ್ಲ.

ಸಂತೋಷಪಡುತ್ತಿದ್ದಂತೆಯೇ ನನಗೊಂದು ದಿಗಿಲು ಹತ್ತಿತು. ಗುಂಪು ಹಂತಕ್ಕೆ ಕಾಲಿಟ್ಟದ್ದಕ್ಕೇ ತಂಡಕ್ಕೆ ಸಿಗುವ ಹಣ ಸುಮಾರು 29 ಲಕ್ಷ ಯೂರೋ. ಮೀನಿನ ಪೆಟ್ಟಿಗೆ ಲೆಕ್ಕದ ಊರಿಗೆ ಅದು ನಿಧಿ. ನಿಧಿ ಸಿಕ್ಕವನ ಮನೆಯ ಪಕ್ಕದಲ್ಲಿ ಉಳಿದವರು ಬಾಳುವುದು ಹೇಗೆ? ಯೂರೋಪಿನ ಹಲವು ಸಣ್ಣ ದೇಶಗಳಲ್ಲಿ ಹೀಗಾಗಿದೆ: ಒಂದು ತಂಡ ಹೊರಗೆ ಹೋಗಿ ಹಣ ತರುತ್ತದೆ, ಆ ಹಣದಿಂದ ಒಳಗೆ ಎಲ್ಲರನ್ನೂ ಸೋಲಿಸುತ್ತದೆ, ಸೋಲಿಸಿದ್ದರಿಂದ ಮತ್ತೆ ಹೊರಗೆ ಹೋಗುತ್ತದೆ. ಹತ್ತು ವರ್ಷ ಒಂದೇ ಹೆಸರು. ಫೆರೋದ ಹೆಸರು ಹೆಚ್ಚಿಸಿದ ಗೆಲುವೇ ಫೆರೋದ ಲೀಗನ್ನು ಕೊಲ್ಲುವುದಾದರೆ, ನಾನು ಕೂಗಿ ಮನೆಮಂದಿಯನ್ನು ಎಬ್ಬಿಸಿದ್ದು ಯಾತಕ್ಕೆ? ಆ ಚಳಿಗಾಲವೆಲ್ಲ ಇದೇ ಯೋಚನೆ. ‘ಊರ ಉಸಾಬರಿ ನಿಮಗೇಕೆ? ನಿಮ್ಮ ಪೆನ್ಷನ್ ಹಣವೇನೂ ಅವರಲ್ಲಿಲ್ಲವಲ್ಲ’ ಎಂದಳು ನನ್ನಾಕೆ.

2024ರ ಮಾರ್ಚಿಯಲ್ಲಿ ಮತ್ತೆ ಚೆಂಡು ಉರುಳಿತು. ಕ್ಲಾಕ್ಸ್‌ವೀಕಿನ ಸುರಂಗ ಈಚೆಗೆ ಬಂದು ಬಾಯಿ ತೆರೆಯುವುದು ಲೇಯ್ರ್‌ವೀಕ್ ಎಂಬ ಹಳ್ಳಿಯಲ್ಲಿ. ಆ ಹಳ್ಳಿಯವರೂ ಪಕ್ಕದ ಗೋಟಾದವರೂ ಒಂದು ಕಾಲದಲ್ಲಿ ಬೇರೆ ಬೇರೆ ತಂಡ ಕಟ್ಟಿಕೊಂಡಿದ್ದವರು. 2008ರಲ್ಲಿ ಎರಡನ್ನೂ ಕೂಡಿಸಿ ವೀಕಿಂಗುರ್ ಎಂದು ಹೆಸರಿಟ್ಟರು. ಅಣ್ಣತಮ್ಮಂದಿರ ಪಾಲು ಮುರಿದು ಒಂದೇ ಒಲೆ ಹಚ್ಚುವುದು ನಮ್ಮಲ್ಲಿ ಎಷ್ಟು ಕಷ್ಟವೆಂಬುದು ತಿಳಿದವರಿಗೆ ಅದರ ಬೆಲೆ ಗೊತ್ತಾದೀತು. ಆ ವರ್ಷ ಋತು ಮುಗಿದಾಗ ಪಟ್ಟಿಯ ತುದಿಯಲ್ಲಿದ್ದದ್ದು ಆ ವೀಕಿಂಗುರ್.

ಅಂದು ರಾತ್ರಿ ರೇಡಿಯೋದವನು ಬಹಳ ಹೊತ್ತು ಏನೇನೋ ಹೇಳಿದ. ಹಿಂದೆ ಹಾಡೋ ಕೂಗೋ ತಿಳಿಯದ ಗದ್ದಲ. ನನ್ನಾಕೆ ಹಾಸಿಗೆ ಹಾಸುತ್ತ, ‘ಈ ಸಲ ನಿಮ್ಮ ಕ್ಲಾಕ್ಸ್‌ವೀಕಿನವರು ಗೆಲ್ಲಲಿಲ್ಲವೆ?’ ಎಂದಳು.

‘ಇಲ್ಲ’ ಎಂದೆ.

‘ಮತ್ತೆ ಯಾಕೆ ಹೀಗೆ ಹಲ್ಲು ಬಿಡುತ್ತಿದ್ದೀರಿ?’