ಬಿಳಿ ಹಾಳೆ

ಬೈಕು ಕಳುವಾಗಿ ಹದಿನೆಂಟು ದಿನ. ದೂರು ಬರೆಯೋ ಬಿಳಿ ಹಾಳೆಯನ್ನೂ ನಾನೇ ತರಬೇಕಂತೆ. 'ಒಂದು ಕಟ್ಟೇ ತಂದ್ಬಿಡಿ ಸಾರ್' ಅಂದ್ರು. ತಂದೆ. ಎಫ್‌ಐಆರ್ ಮಾತ್ರ ಇನ್ನೂ ಆಗಿಲ್ಲ. ಅದಿಲ್ಲದೆ ಇನ್ಶೂರೆನ್ಸ್‌ನವರು ಮಾತೇ ಆಡಲ್ಲ.

ಠಾಣೆಯ ಬೆಂಚಿನ ಮೇಲೆ ಕೂತಾಗ 2021ರ ಪಿಎಸ್‌ಐ ಪರೀಕ್ಷೆ ನೆನಪಾಯ್ತು. 545 ಹುದ್ದೆ. ಕೆಲವರ ಕಿವಿಯಲ್ಲಿ ಬ್ಲೂಟೂತ್, ಇನ್ನು ಕೆಲವರದು ಖಾಲಿ ಬಿಟ್ಟು ಆಮೇಲೆ ತುಂಬಿಸಿದ ಓಎಂಆರ್ ಹಾಳೆ ಅನ್ನೋ ಆರೋಪ. ಕಳ್ಳರನ್ನ ಹಿಡಿಯೋರನ್ನ ಆರಿಸೋ ಪರೀಕ್ಷೆ ಕಣ್ರೀ! 2022ರಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯನ್ನೇ ಸಿಐಡಿ ಬಂಧಿಸಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ನಿಯತ್ತಾಗಿ ಓದಿದ ಹುಡುಗರು ಕಳೆದುಹೋದ ಆ ವರ್ಷಗಳಿಗೆ ಯಾವ ಠಾಣೆಗೆ ದೂರು ಕೊಡಬೇಕು?

ಇವತ್ತು ಮತ್ತೆ ಹೋಗಿದ್ದೆ. 'ಕಾರ್ಬನ್ ಶೀಟ್ ತಂದಿಲ್ವಾ ಸಾರ್?'