ದ್ರಾಕ್ಷಿ ಚಪ್ಪರದ ಕೆಳಗೊಂದು ಗೋದಲಿ

ನಮ್ಮ ಮನೆಯ ಹಿಂದೆ, ತೋಟದ ಮೂಲೆಯಲ್ಲಿ, ಒಂದು ತಗಡಿನ ಶೆಡ್ಡಿದೆ. ಹಿಂದೆ ಅದರಲ್ಲಿ ಔಷಧಿ ಹೊಡೆಯುವ ಪಂಪು, ಗೊಬ್ಬರದ ಚೀಲ, ತಂತಿಯ ಸುರುಳಿಗಳನ್ನು ಇಡುತ್ತಿದ್ದರು. ಈಗ ಅಲ್ಲಿ ಜೇಡಿಮಣ್ಣಿನ ಬುಟ್ಟಿ, ಬಣ್ಣದ ಡಬ್ಬಿಗಳು, ದ್ರಾಕ್ಷಿ ಬಳ್ಳಿಯ ಕಟ್ಟುಗಳಿವೆ. ರಜೆಗೆ ಬರುವ ಮೊಮ್ಮಗಳು ಅದನ್ನು ‘ಅಜ್ಜಿಯ ಸ್ಟುಡಿಯೋ’ ಎನ್ನುತ್ತಾಳೆ. ಮಳೆ ಬಂದರೆ ನಾಲ್ಕು ಕಡೆ ಸೋರುವ ಸ್ಟುಡಿಯೋ!

ನಾನು ಮೈಸೂರಿನವಳು. ಶಾಲೆಯಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿದವಳು. ನಮ್ಮ ಯಜಮಾನರು ಬ್ಯಾಂಕಿನ ಕೆಲಸದಲ್ಲಿ ಕೆಲವು ವರ್ಷ ಕಂಬಂನಲ್ಲಿದ್ದರು. ಆ ಕಣಿವೆಯ ಹಸಿರು ಅವರ ಮನಸ್ಸಿನಿಂದ ಹೋಗಲೇ ಇಲ್ಲ. ನಿವೃತ್ತಿಯಾದ ಮೇಲೆ ಉತ್ತಮಪಾಳಯಂ ಹತ್ತಿರ ಸ್ವಲ್ಪ ಜಮೀನು ಕೊಂಡು ಇಲ್ಲಿಗೇ ಬಂದೆವು.

ತೇನಿ ಜಿಲ್ಲೆಯ ಈ ಕಣಿವೆಯನ್ನು ನೋಡದವರಿಗೆ ಒಂದೆರಡು ಮಾತು ಹೇಳಬೇಕು. ಪಶ್ಚಿಮಕ್ಕೆ ಗೋಡೆಯಂತೆ ನಿಂತ ಬೆಟ್ಟ, ಅದರಾಚೆ ಕೇರಳ. 1895ರಲ್ಲಿ ಪೆನ್ನಿಕ್ವಿಕ್ ಎಂಬ ಇಂಗ್ಲಿಷ್ ಎಂಜಿನಿಯರ್ ಕಟ್ಟಿ ಮುಗಿಸಿದ ಮುಲ್ಲೈ ಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟದ ಸುರಂಗದೊಳಗಿಂದ ಇಲ್ಲಿಗೆ ಹರಿದು ಬರುತ್ತದೆ. ಅವರ ಹುಟ್ಟಿದ ದಿನ ಜನವರಿ 15. ಇಲ್ಲಿನ ರೈತರು ಪೊಂಗಲ್ ಹಬ್ಬದ ಜೊತೆಗೆ ಅವರನ್ನೂ ನೆನೆಯುತ್ತಾರೆ. ಇಲ್ಲಿನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಬಳ್ಳಿಯನ್ನು 1832ರಲ್ಲಿ ತಮಿಳುನಾಡಿಗೆ ತಂದವರು ಒಬ್ಬ ಫ್ರೆಂಚ್ ಪಾದ್ರಿ ಎಂದು ಹೇಳುತ್ತಾರೆ. ಬೇರೆ ಕಡೆ ದ್ರಾಕ್ಷಿಗೆ ಒಂದು ಕಾಲವಿದ್ದರೆ ಇಲ್ಲಿ ವರ್ಷವಿಡೀ ಒಂದಲ್ಲ ಒಂದು ತೋಟದಲ್ಲಿ ಕೊಯ್ಲು ನಡೆದೇ ಇರುತ್ತದೆ.

ಬಂದ ಹೊಸದರಲ್ಲಿ ನನಗೆ ತಮಿಳು ಬಾರದು. ಬೇಲಿಯಾಚೆಯ ಅಜ್ಜಿಯೊಬ್ಬರು ಮೊಮ್ಮಗನನ್ನು ಗದರಿಸುವುದು ಕಿವಿಗೆ ಬಿತ್ತು. ಅದು ಕನ್ನಡ! ಸ್ವಲ್ಪ ಬೇರೆ ರಾಗ, ಆದರೂ ನಮ್ಮದೇ ಮಾತು. ಕಪ್ಪಿಲಿಯರ್ ಎಂದು ಕರೆಸಿಕೊಳ್ಳುವ ಒಕ್ಕಲಿಗರು ಅವರು. ಹಿರಿಯರು ಎಷ್ಟೋ ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಬಂದವರಂತೆ. ಓದು ಬರಹವೆಲ್ಲ ತಮಿಳು, ಮನೆಯೊಳಗೆ ಮಾತ್ರ ಕನ್ನಡ. ಅಂದಿನಿಂದ ಆ ಅಜ್ಜಿಯೇ ನನಗೆ ಈ ಊರಿನ ಬಾಗಿಲು.

ಯಜಮಾನರು ತೀರಿಕೊಂಡ ಮೇಲೆ ಹಗಲು ಬಹಳ ಉದ್ದವಾಯಿತು. ಆಗ ಶೆಡ್ಡನ್ನು ಖಾಲಿ ಮಾಡಿಸಿ, ದಿಂಡಿಗಲ್ಲಿನಿಂದ ಒಂದು ಗಟ್ಟಿ ಬೀಗ ತರಿಸಿ ಹಾಕಿ, ಒಳಗೆ ಕೂತು ಕೆಲಸ ಶುರು ಮಾಡಿದೆ. ದಿಂಡಿಗಲ್ಲಿನ ಕೈಕೆಲಸದ ಬೀಗ ಎಂದರೆ ಊರೆಲ್ಲ ಹೆಸರುವಾಸಿ. ಯಾರೂ ಒಳಗೆ ಬರಬಾರದು, ನನ್ನ ಸಾಮಾನು ಮುಟ್ಟಬಾರದು ಎಂಬುದೇ ನನ್ನ ಆಸೆ.

2022ರ ಕ್ರಿಸ್ಮಸ್ಸಿಗೆ ಎರಡು ತಿಂಗಳು ಒಬ್ಬಳೇ ಕೂತು ಥರ್ಮೋಕೋಲ್, ಪ್ಲಾಸ್ಟರಿನಲ್ಲಿ ದೊಡ್ಡ ಗೋದಲಿ ಮಾಡಿದೆ. ದೇವಾಲಯದಲ್ಲಿ ಇಟ್ಟರು, ಎಲ್ಲರೂ ಹೊಗಳಿದರು, ಫೋಟೋ ತೆಗೆದುಕೊಂಡರು. ಮಕ್ಕಳು ಹತ್ತಿರ ಬಂದರೆ ದೊಡ್ಡವರು “ಮುಟ್ಟಬೇಡ” ಎನ್ನುತ್ತಿದ್ದರು. ಮೂರು ರಾಯರ ಹಬ್ಬ ಕಳೆದು ವಾರಕ್ಕೆ ನೋಡಿದರೆ ನನ್ನ ಬೆತ್ಲೆಹೇಮ್ ಹಿತ್ತಲಿನ ಕಸದ ಗುಂಡಿಯಲ್ಲಿತ್ತು. ಬೇಸರ ಆಯಿತು. ಆದರೆ ಯೋಚಿಸಿದಾಗ ತಪ್ಪು ಬೇರೆಯವರದಲ್ಲ ಎನಿಸಿತು. ಆ ಗೋದಲಿಗೆ ಈ ಊರಿನ ಸಂಬಂಧವೇ ಇರಲಿಲ್ಲ. ಯಾವ ಊರಿನಲ್ಲಿಟ್ಟರೂ ಅದು ಹಾಗೆಯೇ ಇರುತ್ತಿತ್ತು.

ಟೀಚರಾಗಿದ್ದಾಗ ಒಮ್ಮೆ ಬೆಂಗಳೂರಿನ ಹೊರಗೆ ಸಿಲ್ವೆಪುರದಲ್ಲಿರುವ ಜ್ಯೋತಿ ಸಾಹಿ ಅವರ ಆರ್ಟ್ ಆಶ್ರಮಕ್ಕೆ ಹೋಗಿದ್ದೆ. ಕ್ರಿಸ್ತನ ಕಥೆಯನ್ನು ನಮ್ಮ ಹಳ್ಳಿಯ ಮರ, ನೀರು, ಮಣ್ಣಿನ ಮೂಲಕ ಹೇಳುವ ಅವರ ಚಿತ್ರಗಳನ್ನು ಆಗ ಬೆರಗಿನಿಂದ ನೋಡಿದ್ದೆ. ಮಧುರೈ, ದಿಂಡಿಗಲ್ ಕಡೆ ಅಯ್ಯನಾರ್ ಗುಡಿಗೆ ಊರವರು ಒಪ್ಪಿಸುವ ಮಣ್ಣಿನ ಕುದುರೆಗಳೂ ನೆನಪಾದವು. ಊರಿನವರು ಕುಂಬಾರನ ಕೈಗೆ ಒಂದು ಹಿಡಿ ಮಣ್ಣು ಕೊಟ್ಟರೇ ಕೆಲಸ ಶುರು. ಹಬ್ಬ ಮುಗಿದ ಮೇಲೆ ಕುದುರೆಗಳು ಬಿಸಿಲು ಮಳೆಯಲ್ಲಿ ನಿಂತು ಸವೆಯುತ್ತವೆ. ಯಾರಿಗೂ ಬೇಸರವಿಲ್ಲ, ಮುಂದಿನ ಸಲ ಹೊಸದು. ಜಾಗಕ್ಕೆಂದೇ, ಜನರೊಡನೆ ಮಾಡುವ ಕಲೆ ಎಂದು ಇಂದು ನಗರಗಳಲ್ಲಿ ದೊಡ್ಡದಾಗಿ ಹೇಳುವುದನ್ನು ಈ ಹಳ್ಳಿಗಳು ಸದ್ದಿಲ್ಲದೆ ಮಾಡಿಕೊಂಡು ಬಂದಿವೆ.

ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಮಾಡಿದ್ದೂ ಇದನ್ನೇ ಅಲ್ಲವೇ? ಅಲ್ಲಿನ ಹುಲ್ಲು, ಅಲ್ಲಿನ ಎತ್ತು, ಕತ್ತೆ, ಪಂಜು ಹಿಡಿದು ಬಂದ ಅಲ್ಲಿನದೇ ಜನ. ಅದಕ್ಕೆ 2023ರಲ್ಲಿ 800 ವರ್ಷ ತುಂಬಿತು. ಆ ವರ್ಷ ಗೋದಲಿಯನ್ನು ನಮ್ಮ ತೋಟದಲ್ಲೇ, ಕೊಯ್ಲಿನ ಆಳುಗಳು ನಸುಕಿನಲ್ಲಿ ನಡೆದು ಹೋಗುವ ದಾರಿಯ ಪಕ್ಕ, ಚಪ್ಪರದ ಕೆಳಗೆ ಮಾಡೋಣ ಎಂದುಕೊಂಡೆ. ಫಾದರ್ ಒಪ್ಪಿದರು. ಸವರಿ ಬಿಸಾಡಿದ ದ್ರಾಕ್ಷಿ ಬಳ್ಳಿಯನ್ನು ಇಲ್ಲಿ ಬದುವಿನ ಮೇಲೆ ಸುಡುತ್ತಾರೆ. ಅದನ್ನು ಹಸಿಯಾಗಿದ್ದಾಗಲೇ ಬಾಗಿಸಿ ಹೆಣೆದರೆ ಗೋಡೆಯಾಗುತ್ತದೆ. ಒಣಗಿದ ಮೇಲೆ ಬಾಗಿಸಿದರೆ ಮುರಿಯುತ್ತದೆ. ಕೆರೆಯ ಮಣ್ಣು ತರಿಸಿದೆ. ಸಂಜೆ ಹೊತ್ತು ಹತ್ತು ಹನ್ನೆರಡು ಮಕ್ಕಳು ಬರತೊಡಗಿದರು. ಅವರಲ್ಲಿ ಅರ್ಧದಷ್ಟು ನಮ್ಮ ಸಭೆಯವರಲ್ಲ.

ಇನ್ನು ನನ್ನ ತಪ್ಪಿನ ಮಾತು. ಕೊಯ್ಲಿನ ಕೆಲಸಕ್ಕೆ ಬರುವ ಹೆಂಗಸೊಬ್ಬರ ಮಗ, ಒಂಬತ್ತು ವರ್ಷದವನು, ಹಸು ಮಾಡಿದ. ಸಣಕಲು ಮೈ, ದೊಡ್ಡ ಡುಬ್ಬ, ಎತ್ತಲೋ ತಿರುಗಿದ ಕೊಂಬು. “ಹಸು ಹೀಗಿರುತ್ತೇನೋ?” ಎಂದು ಅವನ ಕೈಯಿಂದ ತೆಗೆದುಕೊಂಡು, ಡುಬ್ಬ ತಟ್ಟಿ, ಕೊಂಬು ಕಿತ್ತು ನೆಟ್ಟಗೆ ಮಾಡಿದೆ. ಮೂವತ್ತು ವರ್ಷದ ಟೀಚರ್ ಕೈ ಸುಮ್ಮನಿರುವುದಿಲ್ಲ. ಅವನು ಏನೂ ಹೇಳಲಿಲ್ಲ. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ.

ಪಕ್ಕದ ಅಜ್ಜಿ ಶೆಡ್ಡಿಗೆ ಬಂದು ನನ್ನ ನೆಟ್ಟ ಕೊಂಬಿನ ಹಸುವನ್ನು ನೋಡಿ, “ಇದು ಯಾವೂರ ಹಸು?” ಎಂದರು. ಕಂಬಂ ಪೇಟೆಯಲ್ಲಿ ಅವರ ಕುಲದವರು ನಡೆಸುವ ನಂದಗೋಪಾಲನ ದೊಡ್ಡಿಗೆ ನನ್ನನ್ನು ಕರೆದುಕೊಂಡು ಹೋದರು. ಅಲ್ಲಿ ಹಸುಗಳಿಗೇ ಪೂಜೆ. ಮಾಟ್ಟು ಪೊಂಗಲ್ ದಿನ ಕಣಿವೆಯ ರೈತರೆಲ್ಲ ಬರುತ್ತಾರೆ. ಅಲ್ಲಿದ್ದವು ಬೆಟ್ಟದ ತಳಿಯ ಹಸುಗಳು: ಸಣಕಲು ಮೈ, ಡುಬ್ಬ, ಒಂದೊಂದಕ್ಕೆ ಒಂದೊಂದು ದಿಕ್ಕಿನ ಕೊಂಬು. ಹುಡುಗ ಸರಿಯಾಗಿಯೇ ಮಾಡಿದ್ದ! ನಾನು ಪಠ್ಯಪುಸ್ತಕದ ಹಸುವನ್ನು ತಿದ್ದಿ ಕೂರಿಸಿದ್ದೆ.

ಅಂದು ಸಂಜೆ ಅವರ ಮನೆ ಹುಡುಕಿಕೊಂಡು ಹೋದೆ. ತಾಯಿ ಗಾಬರಿಯಿಂದ, “ಏನಾದರೂ ಒಡೆದು ಹಾಕಿದನಾ ಟೀಚರ್?” ಎಂದರು. ಆ ಪ್ರಶ್ನೆ ನನಗೆ ಚುಚ್ಚಿತು. “ಒಡೆದದ್ದು ನಾನು” ಎಂದೆ. ಹುಡುಗನಿಗೆ, “ಆ ಕೊಂಬು ಮಾಡುವುದು ನನಗೆ ಹೇಳಿಕೊಡ್ತೀಯಾ?” ಎಂದು ಕೇಳಿದೆ. ಅವನು ಬಹಳ ಹೊತ್ತು ನೆಲ ನೋಡಿದ. ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ. ಎರಡು ದಿನ ಬಿಟ್ಟು ಬಂದ, ಜೊತೆಗೆ ತಾಯಿಯೂ ಬಂದರು. ಬಳ್ಳಿ ಹೆಣೆಯುವುದರಲ್ಲಿ ಅವರ ಕೈಯ ಚುರುಕು ನನಗೆ ಈ ಜನ್ಮದಲ್ಲಿ ಬರುವುದಿಲ್ಲ.

ಹಬ್ಬಕ್ಕೆ ನಾಲ್ಕು ದಿನವಿದ್ದಾಗ ಮಳೆ ಬಂತು. ಸುಡದ ಮಣ್ಣಿನ ಗೊಂಬೆಗಳು. ಎರಡು ಕುರಿ ಕರಗಿದವು, ಸಂತ ಜೋಸೆಫರ ಒಂದು ಕೈ ಬಿದ್ದುಹೋಯಿತು. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಮಕ್ಕಳು ನಗುತ್ತಾ ಅದೇ ಮಣ್ಣನ್ನು ಮತ್ತೆ ಕಲಸಿದರು.

ಕ್ರಿಸ್ಮಸ್ ದಿನ ನಸುಕಿನಲ್ಲಿ ಕೊಯ್ಲಿಗೆ ಹೊರಟವರು ಬುಟ್ಟಿ ಕೆಳಗಿಟ್ಟು ನಿಂತು ನೋಡಿದರು. ಒಬ್ಬಾಕೆ ಬಾಲಯೇಸುವಿನ ಮುಂದೆ ಒಂದು ಗೊಂಚಲು ಇಟ್ಟು ಹೋದರು. ಪಕ್ಕದ ಅಜ್ಜಿ ಬಗ್ಗಿ ನೋಡಿ, “ನಿಮ್ಮ ಸಾಮಿನೂ ದೊಡ್ಡಿಯಲ್ಲೇ ಹುಟ್ಟಿದ್ದಾ?” ಎಂದು ಕೇಳಿದರು. ಹೌದು ಎಂದೆ. “ಹಾಗಾದರೆ ಒಳ್ಳೆಯವನೇ ಇರಬೇಕು” ಎಂದರು.

ಜನವರಿಯಲ್ಲಿ ಬಳ್ಳಿ ಬಿಚ್ಚಿ ತೋಟಕ್ಕೆ ಹಾಕಿದೆವು, ಮಣ್ಣನ್ನು ಕೆರೆಗೆ ಸೇರಿಸಿದೆವು. ಈ ಸಲ ಕಸದ ಗುಂಡಿಗೆ ಏನೂ ಹೋಗಲಿಲ್ಲ. ಹಸುವನ್ನು ಮಾತ್ರ ಹುಡುಗ ಮನೆಗೆ ಕೊಂಡೊಯ್ದ.

ಪ್ರಿಯ ಓದುಗರೇ, ನಿಮ್ಮ ಧರ್ಮಕೇಂದ್ರದಲ್ಲೂ ಗೋದಲಿ ಮಾಡುತ್ತೀರಿ. ಒಮ್ಮೆ ನಿಮ್ಮೂರಿನ ಮಣ್ಣು, ನಿಮ್ಮೂರಿನ ಹಸುವಿನಿಂದ ಮಾಡಿ ನೋಡಿ. ಮಕ್ಕಳು ಮಾಡಿದ್ದನ್ನು ತಿದ್ದುವ ಮೊದಲು ಹೊರಗೆ ಹೋಗಿ ಹಸುವನ್ನು ನೋಡಿ ಬನ್ನಿ.

ದಿಂಡಿಗಲ್ ಬೀಗ ಇನ್ನೂ ಗಟ್ಟಿಯಾಗಿದೆ. ಬೀಗದ ಕೈಯನ್ನು ಈಗ ಶೆಡ್ಡಿನ ಹೊರಗಿನ ಮೊಳೆಗೇ ನೇತುಹಾಕಿದ್ದೇನೆ, ಒಂಬತ್ತು ವರ್ಷದ ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ.